ಒಬ್ಬಳನ್ನೂ ಬಿಡುವ ಹಾಗಿಲ್ಲ: ಐಸ್‌ಲ್ಯಾಂಡ್ ಮಹಿಳಾ ಫುಟ್ಬಾಲ್ ತಂಡದ ಕಥೆ

ಪಂದ್ಯ ಶುರುವಾಗುವ ಮುಂಚೆ ಟಿವಿಯಲ್ಲಿ ಹನ್ನೊಂದು ಜನರ ಹೆಸರು ಬರುತ್ತದಲ್ಲ, ಅಲ್ಲಿಂದಲೇ ಶುರು ಮಾಡೋಣ. ಗುನ್ನಾರ್ಸ್‌ಡೊಟ್ಟಿರ್, ಬ್ರಿನ್ಯಾರ್ಸ್‌ಡೊಟ್ಟಿರ್, ವಿಗ್ಗೋಸ್‌ಡೊಟ್ಟಿರ್, ಯೋನ್ಸ್‌ಡೊಟ್ಟಿರ್. ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಎಲ್ಲವೂ ‘ಡೊಟ್ಟಿರ್’. ಎಲ್ಲರೂ ಒಂದೇ ಮನೆಯವರಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಐಸ್‌ಲ್ಯಾಂಡ್ ಭಾಷೆಯಲ್ಲಿ ಡೊಟ್ಟಿರ್ ಅಂದರೆ ಮಗಳು. ಗುನ್ನಾರ್ ಎಂಬವರ ಮಗಳು ಗುನ್ನಾರ್ಸ್‌ಡೊಟ್ಟಿರ್. ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಇರುವುದಿಲ್ಲ. ಇನಿಷಿಯಲ್ ಇಟ್ಟುಕೊಂಡು ಬದುಕುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ದೇಶದ ಅಧ್ಯಕ್ಷರನ್ನೂ ಹಾಗೇ. ಅದಕ್ಕೆ ನಾನೂ ಇವತ್ತು ಆಟಗಾರ್ತಿಯರನ್ನು ಸಾರಾ, ದಾಗ್ನಿ, ಗ್ಲೋದಿಸ್ ಅಂತಲೇ ಕರೆಯುತ್ತೇನೆ.

ಈ ದೇಶ ಎಷ್ಟು ದೊಡ್ಡದು? ನೆಲದ ಲೆಕ್ಕದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಜನ ಮಾತ್ರ ಸುಮಾರು ನಾಲ್ಕು ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಕೊಡಗು ಜಿಲ್ಲೆಯಲ್ಲೇ ಐದೂವರೆ ಲಕ್ಷ ಜನ ಇದ್ದರು. ಕೊಡಗಿಗಿಂತ ಕಡಿಮೆ ಜನ ಇರುವ ದೇಶ ಅದು. ಅದರಲ್ಲಿ ಅರ್ಧ ಹೆಂಗಸರು. ಅವರಲ್ಲಿ ಹದಿನೆಂಟರಿಂದ ಮೂವತ್ತೈದರ ಒಳಗಿನವರನ್ನು ಮಾತ್ರ ಎಣಿಸಿ. ಅವರಲ್ಲೂ ಫುಟ್ಬಾಲ್ ಆಡುವವರನ್ನು ಎಣಿಸಿ. ಕೊನೆಗೆ ಉಳಿಯುವವರು ಎಷ್ಟು? ಜರ್ಮನಿಯ ಒಂದು ಸಾಧಾರಣ ನಗರದಲ್ಲಿ ಸಿಗುವಷ್ಟು ಹುಡುಗಿಯರೂ ಇರಲಾರರು. ಆದರೂ ಈ ತಂಡ ಎರಡು ಸಲ ಜರ್ಮನಿಯನ್ನು ಸೋಲಿಸಿದೆ. 2009ರಿಂದ 2025ರವರೆಗೆ ನಡೆದ ಯೂರೋಪಿಯನ್ ಚಾಂಪಿಯನ್‌ಶಿಪ್‌ಗಳಲ್ಲಿ ಒಂದನ್ನೂ ತಪ್ಪಿಸಿಕೊಂಡಿಲ್ಲ. ಸತತ ಐದು.

ನಾನು ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಆಟ ಕಲಿಸುವವಳು. ಏಳನೇ ಕ್ಲಾಸಿನಲ್ಲಿ ಇಪ್ಪತ್ತು ಹುಡುಗಿಯರು ಮೈದಾನಕ್ಕೆ ಬರುತ್ತಾರೆ. ಒಂಬತ್ತಕ್ಕೆ ಬರುವಾಗ ಆರು ಜನ. ಹತ್ತಕ್ಕೆ ಇಬ್ಬರು. ಟ್ಯೂಷನ್ ಅನ್ನುತ್ತಾರೆ, ದೊಡ್ಡವಳಾದಳು ಅನ್ನುತ್ತಾರೆ, ಬಿಸಿಲಿಗೆ ಕಪ್ಪಾಗ್ತಾಳೆ ಅನ್ನುತ್ತಾರೆ. ನಮ್ಮಲ್ಲಿ ಮಕ್ಕಳು ಜಾಸ್ತಿ. ಹೀಗಾಗಿ ಒಬ್ಬಳು ಹೋದರೆ ಗೊತ್ತೇ ಆಗುವುದಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಗೊತ್ತಾಗುತ್ತದೆ. ಅಲ್ಲಿ ಒಬ್ಬಳು ಬಿಟ್ಟುಹೋದರೆ ಅವಳ ಜಾಗಕ್ಕೆ ಇನ್ನೊಬ್ಬಳು ಇರುವುದಿಲ್ಲ. ಈ ತಂಡದ ಕಥೆಯನ್ನು ನಾನು ಓದಿಕೊಂಡಿರುವುದು ಈ ಕಣ್ಣಿನಿಂದ. ಇವತ್ತು ಹೇಳುವುದೂ ಹಾಗೇ.

ಅಲ್ಲೂ ಮೊದಲಿನಿಂದ ಹೀಗಿರಲಿಲ್ಲ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್‌ನ ಹೆಂಗಸರು ಒಂದು ದಿನ ಕೆಲಸ ಬಿಟ್ಟರು. ಆಫೀಸು, ಮೀನಿನ ಕಾರ್ಖಾನೆ, ಮನೆಯ ಅಡುಗೆ, ಎಲ್ಲ ಬಿಟ್ಟರು. ನೂರರಲ್ಲಿ ತೊಂಬತ್ತು ಹೆಂಗಸರು ಬೀದಿಗೆ ಬಂದರು ಅನ್ನುತ್ತಾರೆ. ಐದು ವರ್ಷ ಕಳೆದು, 1980ರಲ್ಲಿ, ವಿಗ್ದಿಸ್ ಫಿನ್‌ಬೋಗಾಡೊಟ್ಟಿರ್ ದೇಶದ ಅಧ್ಯಕ್ಷೆಯಾದರು. ಮರುವರ್ಷ, 1981ರಲ್ಲಿ, ಮಹಿಳಾ ಫುಟ್ಬಾಲ್ ತಂಡ ತನ್ನ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿತು. ಸ್ಕಾಟ್ಲೆಂಡ್ ಎದುರು 3-2ರಿಂದ ಸೋತಿತು. ಅಷ್ಟು ಹೊತ್ತಿಗೆ ಹೆಂಗಸರ ಲೀಗ್ ಶುರುವಾಗಿ ಒಂಬತ್ತು ವರ್ಷ ಆಗಿತ್ತು.

ಇಲ್ಲಿ ನೀವು ಅಂದುಕೊಳ್ಳಬಹುದು, ಆಮೇಲೆ ಎಲ್ಲ ಸರಾಗ ಅಂತ. ಇಲ್ಲ. 1987ರ ನಂತರ ಕೆಲವು ವರ್ಷ ಆ ತಂಡವೇ ಇರಲಿಲ್ಲ. ಅರ್ಹತಾ ಪಂದ್ಯಗಳಿಗೆ ತಂಡ ಕಳಿಸುವುದನ್ನೇ ನಿಲ್ಲಿಸಿದರು. ಗಂಡಸರ ತಂಡ ಮಾತ್ರ ಆಡುತ್ತಿತ್ತು. ಯೋಚನೆ ಮಾಡಿ. ಹದಿನೆಂಟು ವರ್ಷದ ಹುಡುಗಿ, ಚೆನ್ನಾಗಿ ಆಡುತ್ತಾಳೆ, ದೇಶಕ್ಕೆ ಆಡಬೇಕು ಅಂತ ಆಸೆ. ದೇಶಕ್ಕೆ ತಂಡವೇ ಇಲ್ಲ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ನೋವು ಕೊಡುವ ಭಾಗ ಇದು. ಆ ವರ್ಷಗಳಲ್ಲಿ ಆಡಬೇಕಾಗಿದ್ದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

90ರ ದಶಕದ ಶುರುವಿನಲ್ಲಿ ತಂಡವನ್ನು ಮತ್ತೆ ಕಟ್ಟಿದರು. ವಾಂಡಾ ಸಿಗುರ್‌ಗೇರ್ಸ್‌ಡೊಟ್ಟಿರ್ ಆ ಕಾಲದ ನಾಯಕಿ. ಈ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ. 1994ರಲ್ಲೇ ತಂಡ ಯೂರೋಪಿಯನ್ ಚಾಂಪಿಯನ್‌ಶಿಪ್‌ನ ಕ್ವಾರ್ಟರ್‌ಫೈನಲ್ ತಲುಪಿತು. ಇಂಗ್ಲೆಂಡ್ ಎದುರು ಎರಡು ಪಂದ್ಯ. ಎರಡರಲ್ಲೂ 2-1ರಿಂದ ಸೋಲು. ಆಗ ಆಡಲು ಶುರು ಮಾಡಿದ ಕಾತ್ರಿನ್ ಯೋನ್ಸ್‌ಡೊಟ್ಟಿರ್ 2013ರವರೆಗೂ ಆಡಿದರು. ನೂರು ಪಂದ್ಯ ದಾಟಿದ ಮೊದಲ ಐಸ್‌ಲ್ಯಾಂಡ್ ಆಟಗಾರ್ತಿ ಅವರು. ಜೊತೆಗೆ ಓದಿ ಡಾಕ್ಟರೂ ಆದರು. ಓದು, ಆಟ ಎರಡೂ ಆಗಲ್ಲ ಅನ್ನುವ ಅಪ್ಪ ಅಮ್ಮಂದಿರಿಗೆ ನಾನು ಸಾಮಾನ್ಯವಾಗಿ ಹೇಳುವ ಹೆಸರು ಇದು.

ಹಾಗಾದರೆ ಬದಲಾಗಿದ್ದು ಏನು? ಎರಡು ವಿಷಯ ಹೇಳುತ್ತೇನೆ. ಒಂದು, ಚಾವಣಿ. ಐಸ್‌ಲ್ಯಾಂಡ್‌ನಲ್ಲಿ ಚಳಿಗಾಲ ಅಂದರೆ ಬರೀ ಚಳಿ ಅಲ್ಲ. ಗಾಳಿ, ಕತ್ತಲೆ. ಡಿಸೆಂಬರ್‌ನಲ್ಲಿ ಸೂರ್ಯ ಕಾಣುವುದು ನಾಲ್ಕೈದು ತಾಸು. ಲೀಗ್ ನಡೆಯುವುದು ಬೇಸಿಗೆಯಲ್ಲಿ ಮಾತ್ರ. ಮೊದಲು ಮಕ್ಕಳು ವರ್ಷದಲ್ಲಿ ಅರ್ಧ ಕಾಲ ಜಲ್ಲಿ ಹಾಕಿದ ಮೈದಾನದಲ್ಲಿ ಆಡುತ್ತಿದ್ದರು, ಇಲ್ಲಾ ಜಿಮ್ಮಿನ ಒಳಗೆ. 2000ದಲ್ಲಿ ಕೆಫ್ಲಾವಿಕ್ ಹತ್ತಿರ ಮೊದಲ ಪೂರ್ತಿ ಅಳತೆಯ ಒಳಾಂಗಣ ಮೈದಾನ ಕಟ್ಟಿದರು. ಆಮೇಲೆ ಕೋಪಾವೊಗುರ್‌ನಲ್ಲಿ, ಹೀಗೆ ಒಂದೊಂದೇ ಊರಿನಲ್ಲಿ. ಅವರು ಅದಕ್ಕೆ ‘ಫುಟ್ಬಾಲ್ ಮನೆ’ ಅನ್ನುತ್ತಾರೆ. ಕಟ್ಟಿದ್ದು ಹೆಚ್ಚಾಗಿ ಊರಿನ ಸ್ಥಳೀಯ ಆಡಳಿತ. ಸ್ಟಾರ್ ಆಟಗಾರರಿಗೆ ಅಂತ ಕಟ್ಟಿದ್ದಲ್ಲ, ಎಲ್ಲ ಮಕ್ಕಳಿಗೆ. ಹುಡುಗರಿಗೆ ಒಂದು ತಾಸು, ಹುಡುಗಿಯರಿಗೆ ಒಂದು ತಾಸು, ಅದೇ ಹುಲ್ಲಿನ ಮೇಲೆ.

ಎರಡನೆಯದು ನನಗೆ ಇನ್ನೂ ದೊಡ್ಡದು ಅನ್ನಿಸುತ್ತದೆ: ಕೋಚ್‌ಗಳು. ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡುವವರು ಯಾರು? ಖಾಲಿ ಇರುವ ಯಾರೋ ಒಬ್ಬರು. ಅಲ್ಲಿ ಆರು ವರ್ಷದ ಮಗುವಿಗೂ ತರಬೇತಿ ಪಡೆದ ಕೋಚ್ ಇರುತ್ತಾರೆ. ಯೂರೋಪಿನ ಫುಟ್ಬಾಲ್ ಸಂಸ್ಥೆಯ ಲೈಸೆನ್ಸ್ ತೆಗೆದುಕೊಂಡವರು. ಅವರಿಗೆ ಸಂಬಳ ಉಂಟು. ಎಷ್ಟೋ ಜನ ಬೆಳಿಗ್ಗೆ ಶಾಲೆಯಲ್ಲಿ ಮೇಷ್ಟ್ರು, ಸಂಜೆ ಕ್ಲಬ್‌ನಲ್ಲಿ ಕೋಚ್. ಊರಿನ ಕ್ಲಬ್ಬು ಒಂದೇ. ಅಣ್ಣ ಆಡುವ ಕ್ಲಬ್ಬಿನಲ್ಲೇ ತಂಗಿಯೂ ಆಡುತ್ತಾಳೆ. ಒಂದೇ ಬಣ್ಣದ ಜೆರ್ಸಿ.

ಬೇಸಿಗೆಯಲ್ಲಿ ಕೋಪಾವೊಗುರ್‌ನಲ್ಲಿ ಬ್ರೇಯ್ದಾಬ್ಲಿಕ್ ಕ್ಲಬ್ ಹುಡುಗಿಯರ ಟೂರ್ನಮೆಂಟ್ ನಡೆಸುತ್ತದೆ. 1985ರಿಂದ ನಡೆಯುತ್ತಿದೆ. ಜುಲೈಯಲ್ಲಿ ಕೆಲವು ದಿನ ದೇಶದ ಎಲ್ಲ ಮೂಲೆಗಳಿಂದ ಸಾವಿರಾರು ಚಿಕ್ಕ ಹುಡುಗಿಯರು ಅಲ್ಲಿಗೆ ಬರುತ್ತಾರೆ. ನಾಲ್ಕು ಲಕ್ಷ ಜನರ ದೇಶದಲ್ಲಿ ಸಾವಿರಾರು ಅಂದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಎಷ್ಟೋ ರಾಷ್ಟ್ರೀಯ ಆಟಗಾರ್ತಿಯರು ಅಲ್ಲಿ ಮೊದಲ ಗೋಲು ಹೊಡೆದು ಬೆಳೆದವರೇ.

ಈಗ 2008ಕ್ಕೆ ಬರೋಣ. ಆ ವರ್ಷದ ಅಕ್ಟೋಬರ್ ಶುರುವಿನಲ್ಲಿ ಐಸ್‌ಲ್ಯಾಂಡ್‌ನ ಮೂರು ದೊಡ್ಡ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದವು. ಜನರ ಉಳಿತಾಯ ಹೋಯಿತು, ಹಣದ ಬೆಲೆ ಬಿತ್ತು. ಅದೇ ತಿಂಗಳ 30ಕ್ಕೆ ರಾಜಧಾನಿ ರೇಕ್ಯಾವಿಕ್‌ನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಐರ್ಲೆಂಡ್ ಎದುರು ಪ್ಲೇ-ಆಫ್, ಅಂದರೆ ಅರ್ಹತೆಗೆ ಕೊನೆಯ ಅವಕಾಶದ ಪಂದ್ಯ. ಡಬ್ಲಿನ್‌ನ ಮೊದಲ ಪಂದ್ಯ 1-1 ಆಗಿತ್ತು. ಗೆದ್ದರೆ ಯೂರೋಪಿಯನ್ ಚಾಂಪಿಯನ್‌ಶಿಪ್‌ಗೆ. ಅಷ್ಟರವರೆಗೆ ಗಂಡಸರಾಗಲಿ ಹೆಂಗಸರಾಗಲಿ ಐಸ್‌ಲ್ಯಾಂಡ್‌ನ ಯಾವ ಹಿರಿಯರ ಫುಟ್ಬಾಲ್ ತಂಡವೂ ಇಂಥ ದೊಡ್ಡ ಟೂರ್ನಿಯ ಬಾಗಿಲು ದಾಟಿರಲಿಲ್ಲ.

ಆ ರಾತ್ರಿ ಮೈದಾನ ಹೆಪ್ಪುಗಟ್ಟಿತ್ತು. ಹುಲ್ಲಿನ ಮೇಲೆ ಮಂಜು ಕಲ್ಲಾಗಿತ್ತು. ಕಾಲಿಟ್ಟರೆ ಜಾರುತ್ತದೆ, ಬಿದ್ದರೆ ಸಿಮೆಂಟಿನ ಮೇಲೆ ಬಿದ್ದ ಹಾಗೆ. ಚೆಂಡು ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ಹೇಳಲಾಗದು. ಇಂಥ ನೆಲದಲ್ಲಿ ಆಡಿಸುವುದಾ ಅಂತ ಐರಿಷ್ ತಂಡದವರು ತಕರಾರು ತೆಗೆದರು. ಅವರ ತಕರಾರು ನ್ಯಾಯವಾದದ್ದೇ. ಆದರೆ ಪಂದ್ಯ ನಡೆಯಿತು. ಐಸ್‌ಲ್ಯಾಂಡ್ 3-0ರಿಂದ ಗೆದ್ದಿತು. ಗಂಡಸರ ತಂಡ 2016ರಲ್ಲಿ ಫ್ರಾನ್ಸಿಗೆ ಹೋಗಿ, ತಲೆಯ ಮೇಲೆ ಚಪ್ಪಾಳೆ ತಟ್ಟುತ್ತಾ ‘ಹೂ’ ಅಂದಾಗ ಇಡೀ ಲೋಕ ಆ ದೇಶವನ್ನು ನೋಡಿತು. ಹೆಂಗಸರು ಅದಕ್ಕಿಂತ ಏಳು ವರ್ಷ ಮೊದಲೇ ಅಂಥ ಟೂರ್ನಿಯಲ್ಲಿ ಆಡಿ ಬಂದಿದ್ದರು. ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು.

2009ರಲ್ಲಿ ಫಿನ್ಲೆಂಡ್‌ನಲ್ಲಿ ಮೂರೂ ಪಂದ್ಯ ಸೋತರು. 2013ರಲ್ಲಿ ಸ್ವೀಡನ್‌ನಲ್ಲಿ ನಾರ್ವೆ ಎದುರು 1-1. ಜರ್ಮನಿ ಎದುರು ಸೋಲು. ನೆದರ್ಲೆಂಡ್ಸ್ ಎದುರು ದಾಗ್ನಿ ತಲೆಯಿಂದ ಹೊಡೆದ ಒಂದು ಗೋಲು. ಅಂಥ ಟೂರ್ನಿಯಲ್ಲಿ ಮೊದಲ ಗೆಲುವು ಅದು, ಅದರಿಂದಲೇ ಕ್ವಾರ್ಟರ್‌ಫೈನಲ್.

ಆ ಕಾಲದ ದೊಡ್ಡ ಹೆಸರು ಮಾರ್ಗ್ರೆಟ್ ಲಾರಾ ವಿದಾರ್ಸ್‌ಡೊಟ್ಟಿರ್. ವೆಸ್ಟ್‌ಮನ್ ದ್ವೀಪದವಳು. ಕೆಲವೇ ಸಾವಿರ ಜನ ಇರುವ, ಮೀನು ಹಿಡಿಯುವ ದ್ವೀಪ. 1973ರಲ್ಲಿ ಅಲ್ಲಿ ಜ್ವಾಲಾಮುಖಿ ಬಾಯಿ ತೆರೆದು, ಒಂದೇ ರಾತ್ರಿಯಲ್ಲಿ ಊರಿಗೆ ಊರೇ ದೋಣಿ ಹತ್ತಿ ಖಾಲಿ ಮಾಡಬೇಕಾಗಿತ್ತು. ಅಂಥ ಜಾಗದಿಂದ ಬಂದ ಹುಡುಗಿ 124 ಪಂದ್ಯಗಳಲ್ಲಿ 79 ಗೋಲು ಹೊಡೆದಳು. ಗಂಡಸರ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಮೂವತ್ತನ್ನೂ ದಾಟಿಲ್ಲ. 2003ರ ಮೊದಲ ಪಂದ್ಯದಲ್ಲಿ ಬದಲಿಯಾಗಿ ಬಂದು ಗೋಲು ಹೊಡೆದಳು. 2019ರ ಕೊನೆಯ ಪಂದ್ಯದಲ್ಲೂ ಗೋಲು. ನಡುವೆ ಮಂಡಿ, ತೊಡೆ, ಏನೆಲ್ಲ ಗಾಯ. ಅವಳ ತಂಗಿ ಎಲೀಸಾ ಕೂಡ ದೇಶಕ್ಕೆ ಆಡಿದಳು.

ಇನ್ನು ತಾಯಂದಿರ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಹುಡುಗಿಯರು ಆಟ ಬಿಡುವ ಒಂದು ಹೊತ್ತು ಒಂಬತ್ತನೇ ಕ್ಲಾಸು, ಇನ್ನೊಂದು ಹೊತ್ತು ಇದು.

2017ರ ಅಕ್ಟೋಬರ್‌ನಲ್ಲಿ ವೀಸ್‌ಬಾಡೆನ್‌ನಲ್ಲಿ, ಜರ್ಮನಿಯದೇ ನೆಲದಲ್ಲಿ, ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಐಸ್‌ಲ್ಯಾಂಡ್ 3-2ರಿಂದ ಗೆದ್ದಿತು. ಎರಡು ಗೋಲು ದಾಗ್ನಿಯದು. 2018ರಲ್ಲಿ ಅವಳಿಗೆ ಮಗ ಹುಟ್ಟಿದ. ಆ ಸೆಪ್ಟೆಂಬರ್‌ನಲ್ಲಿ ಜರ್ಮನಿ ರೇಕ್ಯಾವಿಕ್‌ಗೆ ಬಂದಾಗ ಅವಳು ತಂಡದಲ್ಲಿರಲಿಲ್ಲ. 9,636 ಜನ, ಕ್ರೀಡಾಂಗಣ ಪೂರ್ತಿ ಭರ್ತಿ. ಐಸ್‌ಲ್ಯಾಂಡ್ 2-0ರಿಂದ ಸೋತಿತು. ಮೂರು ದಿನದ ನಂತರ ಜೆಕ್ ತಂಡದ ಎದುರು 1-1. ಕೊನೆಯ ಕ್ಷಣದಲ್ಲಿ ಸಿಕ್ಕ ಪೆನಾಲ್ಟಿ ಗೋಲಾಗಲಿಲ್ಲ. ವಿಶ್ವಕಪ್ ಕೈತಪ್ಪಿತು. ಒಬ್ಬಳು ಇಲ್ಲದಿದ್ದರೆ ಏನಾಗುತ್ತದೆ ಅಂತ ಆ ದೇಶಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಾಗ್ನಿ 2019ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಕ್ಲಬ್ಬಿನಲ್ಲಿ ಮತ್ತೆ ಆಡಲು ಶುರು ಮಾಡಿದಳು.

ಜೆಕ್ ತಂಡದ ಎದುರು ಗೋಲಾಗದ ಆ ಪೆನಾಲ್ಟಿ ಹೊಡೆದವಳು ನಾಯಕಿ ಸಾರಾ ಬ್ಯೋರ್ಕ್. ಹದಿನಾರಕ್ಕೇ ದೇಶಕ್ಕೆ ಆಡಿದವಳು. 145 ಪಂದ್ಯ. 2020ರಲ್ಲಿ ಫ್ರಾನ್ಸಿನ ಲಿಯಾನ್ ಕ್ಲಬ್ ಪರ ಯೂರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೋಲು ಹೊಡೆದು ಗೆದ್ದಳು. 2021ರಲ್ಲಿ ಬಸುರಿಯಾದಳು. ಹೆರಿಗೆಗೆ ತವರಿಗೆ ಹೋದಳು. ನಮ್ಮ ಹೆಣ್ಣುಮಕ್ಕಳ ಹಾಗೇ ನೋಡಿ. ಅಲ್ಲಿದ್ದಾಗ ಕ್ಲಬ್ಬಿನಿಂದ ಬರಬೇಕಾದ ಸಂಬಳ ಪೂರ್ತಿ ಬರಲಿಲ್ಲ. ಚೂರುಪಾರು ಬಂತು. ಅವಳು ಸುಮ್ಮನಿರಲಿಲ್ಲ. ಆ ವರ್ಷದ ಜನವರಿಯಲ್ಲಷ್ಟೇ ಫಿಫಾ ಹೆರಿಗೆ ರಜೆಯ ನಿಯಮ ಜಾರಿಗೆ ತಂದಿತ್ತು. ಆ ನಿಯಮ ಹಿಡಿದು ದೂರು ಕೊಟ್ಟಳು. ಗೆದ್ದಳು. ಎಂಬತ್ತೆರಡು ಸಾವಿರ ಯೂರೋಗಿಂತ ಹೆಚ್ಚು ಬಾಕಿ, ಬಡ್ಡಿ ಸಮೇತ ಕೊಡಬೇಕು ಅಂತ ತೀರ್ಪು ಬಂತು. 2023ರ ಜನವರಿಯಲ್ಲಿ ಅವಳೇ ಇದನ್ನು ಬರೆದು ಲೋಕಕ್ಕೆ ಹೇಳಿದಳು.

ದುಡ್ಡಿನ ಮೊತ್ತ ದೊಡ್ಡದಲ್ಲ. ಫುಟ್ಬಾಲ್ ಲೋಕದಲ್ಲಿ ಅದು ಚಿಲ್ಲರೆ. ಆದರೆ ನಾಳೆ ಇನ್ಯಾವುದೋ ದೇಶದ ಹುಡುಗಿ ಬಸುರಾದರೆ, ಕ್ಲಬ್ಬಿನವರು ಸಂಬಳ ನಿಲ್ಲಿಸುವ ಮುಂಚೆ ಈ ತೀರ್ಪನ್ನು ಓದಬೇಕಾಗುತ್ತದೆ. ಸಾರಾ ಮಾಡಿಕೊಟ್ಟದ್ದು ಅದನ್ನು.

ಆಡಳಿತದಲ್ಲೂ ಸುಲಭದ ದಾರಿ ಇರಲಿಲ್ಲ. 2018ರಲ್ಲಿ ಐಸ್‌ಲ್ಯಾಂಡ್ ಫುಟ್ಬಾಲ್ ಸಂಸ್ಥೆ ಗಂಡಸರಿಗೂ ಹೆಂಗಸರಿಗೂ ಸಮನಾದ ಬೋನಸ್ ಅಂತ ಘೋಷಿಸಿತು. 2021ರಲ್ಲಿ ಗಂಡಸರ ತಂಡದ ಆಟಗಾರರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳು ಬಂದವು. ಸಂಸ್ಥೆ ಅದನ್ನು ಸರಿಯಾಗಿ ನಿಭಾಯಿಸಲಿಲ್ಲ ಅಂತ ಜನ ಸಿಟ್ಟಾದರು. ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಆಡಳಿತ ಮಂಡಳಿಯೂ ಇಳಿಯಿತು. ಆ ಅಕ್ಟೋಬರ್‌ನಲ್ಲಿ ಹೊಸ ಅಧ್ಯಕ್ಷೆಯಾಗಿ ಬಂದವರು ಯಾರು ಗೊತ್ತಾ? ವಾಂಡಾ. ಆಗ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅವರೇ. ಯೂರೋಪಿನ ಯಾವ ದೇಶದ ಫುಟ್ಬಾಲ್ ಸಂಸ್ಥೆಗೂ ಅಷ್ಟರವರೆಗೆ ಹೆಂಗಸು ಅಧ್ಯಕ್ಷೆಯಾಗಿರಲಿಲ್ಲ.

2022ರ ಯೂರೋ, ಅಂದರೆ ಅದೇ ಯೂರೋಪಿಯನ್ ಚಾಂಪಿಯನ್‌ಶಿಪ್, ಇಂಗ್ಲೆಂಡ್‌ನಲ್ಲಿ. ಬೆಲ್ಜಿಯಂ ಎದುರು 1-1. ಇಟಲಿ ಎದುರು 1-1. ಆ ಇಟಲಿ ಪಂದ್ಯದ ಮೂರನೇ ನಿಮಿಷದ ಗೋಲನ್ನು ನಾನು ನಮ್ಮ ಹುಡುಗಿಯರಿಗೆ ಎಷ್ಟೋ ಸಲ ತೋರಿಸಿದ್ದೇನೆ. ಶುರುವಾಗುವುದು ಥ್ರೋ-ಇನ್‌ನಿಂದ. ಸ್ವೇನ್‌ದಿಸ್ ಜೇನ್, ಕೆಫ್ಲಾವಿಕ್ ಹುಡುಗಿ, ತಾಯಿ ಘಾನಾದವರು. ಗೆರೆಯಿಂದ ಹಿಂದಕ್ಕೆ ಹೋಗುತ್ತಾಳೆ. ಓಡಿಬರುತ್ತಾಳೆ, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ, ಎರಡೂ ಕಾಲು ನೆಲ ಬಿಡದ ಹಾಗೆ ಎಸೆಯುತ್ತಾಳೆ. ಚೆಂಡು ಪೆನಾಲ್ಟಿ ಜಾಗದ ನಡುವಿಗೇ ಬೀಳುತ್ತದೆ, ಕಾಲಿಂದ ಒದ್ದ ಕಾರ್ನರ್ ಹಾಗೆ. ಗಲಿಬಿಲಿಯಲ್ಲಿ ಕರೋಲಿನಾ ಅದನ್ನು ಒಳಗೆ ಹೊಡೆಯುತ್ತಾಳೆ. ಥ್ರೋ-ಇನ್ ಅಂದರೆ ಸುಮ್ನೆ ಆಟ ಮತ್ತೆ ಶುರು ಮಾಡುವುದು ಅಂದುಕೊಂಡಿದ್ದ ನಮ್ಮ ಹುಡುಗಿಯರು ಮರುದಿನದಿಂದ ಗೋಡೆಗೆ ಎಸೆದು ಅಭ್ಯಾಸ ಮಾಡತೊಡಗಿದರು.

ಮೂರನೆಯದು ಫ್ರಾನ್ಸ್ ಎದುರು. ನಮ್ಮಲ್ಲಿ ರಾತ್ರಿ ಹನ್ನೆರಡೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಶಬ್ದ ಆರಿಸಿ ಫೋನಿನಲ್ಲಿ ನೋಡುತ್ತಿದ್ದೆ. ಒಂದು ನಿಮಿಷ ಆಗುವುದರೊಳಗೆ ಫ್ರಾನ್ಸ್ ಗೋಲು. ಆಮೇಲೆ, ಅದೇ ಹೊತ್ತಿಗೆ ನಡೆಯುತ್ತಿದ್ದ ಗುಂಪಿನ ಇನ್ನೊಂದು ಪಂದ್ಯದಲ್ಲಿ ಬೆಲ್ಜಿಯಂ ಇಟಲಿ ಎದುರು ಮುಂದಾಯಿತು. ಅಂದರೆ ಐಸ್‌ಲ್ಯಾಂಡ್‌ಗೆ ಡ್ರಾ ಸಾಲದು, ಗೆಲ್ಲಲೇಬೇಕು. ತೊಂಬತ್ತು ನಿಮಿಷ ಮುಗಿದ ಮೇಲೆ ರೆಫರಿ ಸೇರಿಸುವ ಹೆಚ್ಚುವರಿ ಸಮಯದ ಹನ್ನೆರಡನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು. ಪಂದ್ಯ ಇನ್ನು ಕೆಲವೇ ಸೆಕೆಂಡು. ಗೋಲಾದರೂ ಮನೆಗೆ, ಆಗದಿದ್ದರೂ ಮನೆಗೆ. ಚೆಂಡು ಇಟ್ಟವಳು ದಾಗ್ನಿ. ನಾಲ್ಕು ವರ್ಷದ ಮಗನ ತಾಯಿ. ಹೊಡೆದಳು. 1-1. ರೆಫರಿ ಸೀಟಿ ಊದಿದರು. ಒಂದೂ ಪಂದ್ಯ ಸೋಲದೆ ಐಸ್‌ಲ್ಯಾಂಡ್ ಟೂರ್ನಿಯಿಂದ ಹೊರಗೆ. ಆ ದಿನ ನಾಯಕಿಯ ಪಟ್ಟಿ ಸಾರಾಳ ತೋಳಿನಲ್ಲಿತ್ತು, ಅವಳ ಮಗುವಿಗೆ ಎಂಟು ತಿಂಗಳು.

ಇಷ್ಟೆಲ್ಲ ಆಗಿಯೂ ವಿಶ್ವಕಪ್ ಯಾಕೆ ಆಡಿಲ್ಲ ಅಂತ ನೀವು ಕೇಳಬಹುದು. ಒಂದು ರಾತ್ರಿಯ ಕಥೆ ಹೇಳಿದರೆ ಸಾಕು. 2022ರ ಸೆಪ್ಟೆಂಬರ್, ಉಟ್ರೆಕ್ಟ್. ನೆದರ್ಲೆಂಡ್ಸ್ ಎದುರು ಡ್ರಾ ಮಾಡಿದರೆ ನೇರ ವಿಶ್ವಕಪ್‌ಗೆ. ಗೋಲ್‌ಕೀಪರ್ ಸಾಂಡ್ರಾ, ಮೂವತ್ತೈದು ವರ್ಷ. ಬಂದ ಚೆಂಡನ್ನೆಲ್ಲ ತಡೆದಳು. ಕೈಯಿಂದ, ಕಾಲಿಂದ, ಮೈಯಿಂದ. ತೊಂಬತ್ತು ನಿಮಿಷ ಮುಗಿಯಿತು, 0-0. ಹೆಚ್ಚುವರಿ ಸಮಯದ ಮೂರನೇ ನಿಮಿಷಕ್ಕೆ ಒಂದು ಗೋಲು ಒಳಗೆ ಹೋಯಿತು. ಮರುತಿಂಗಳು ಪೋರ್ಚುಗಲ್‌ನಲ್ಲಿ ಪ್ಲೇ-ಆಫ್ ಪಂದ್ಯ. ಹತ್ತೇ ಜನರಾಗಿ ಉಳಿದು, ಸಮಬಲವಾದಾಗ ಕೊಡುವ ಅರ್ಧ ತಾಸಿನ ಎಕ್ಸ್‌ಟ್ರಾ ಟೈಮ್‌ನಲ್ಲಿ ಸೋತರು. ಅಷ್ಟೇ ಅಂತರ, ಬೇರೇನೂ ಅಲ್ಲ.

ಸಾರಾ ದೇಶಕ್ಕೆ ಆಡುವುದನ್ನು ನಿಲ್ಲಿಸಿದಳು. ಗ್ಲೋದಿಸ್ ನಾಯಕಿಯಾದಳು. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್‌ನಲ್ಲೂ ಅವಳೇ ನಾಯಕಿ. 2024ರ ಜುಲೈ 12ಕ್ಕೆ ರೇಕ್ಯಾವಿಕ್‌ನಲ್ಲಿ ಜರ್ಮನಿ ಎದುರು 3-0. ಆ ಗೆಲುವಿನಿಂದಲೇ 2025ರ ಯೂರೋಗೆ ಟಿಕೆಟ್ ಸಿಕ್ಕಿತು. ಹದಿನಾರು ವರ್ಷದ ಹಿಂದೆ ಹೆಪ್ಪುಗಟ್ಟಿದ್ದ ಅದೇ ಮೈದಾನ. ಆ ನೆಲಕ್ಕೂ ಈಗ ಹೊಸ ಹುಲ್ಲು ಬಂದಿದೆ, ಕೆಳಗೆ ಬಿಸಿ ಕೊಳವೆ ಹಾಕಿದ್ದಾರೆ.

2025ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಏನೂ ಕೈಗೂಡಲಿಲ್ಲ. ಫಿನ್ಲೆಂಡ್ ಎದುರು ಗ್ಲೋದಿಸ್ ಹೊಟ್ಟೆ ಕೆಟ್ಟು ಅರ್ಧಕ್ಕೇ ಹೊರಬಂದಳು, ಸೋಲು. ಸ್ವಿಟ್ಜರ್ಲೆಂಡ್ ಎದುರೂ ಸೋಲು. ಥೂನ್ ಎಂಬ ಊರಿನಲ್ಲಿ ನಾರ್ವೆ ಎದುರು ಕೊನೆಯ ಪಂದ್ಯಕ್ಕೆ ಬರುವಾಗ ಲೆಕ್ಕ ಮುಗಿದಿತ್ತು, ಮನೆಗೆ ಹೋಗುವುದು ಖಚಿತ. ಆದರೂ ಆರನೇ ನಿಮಿಷಕ್ಕೆ ಸ್ವೇನ್‌ದಿಸ್ ಗೋಲು ಹೊಡೆದಳು. ಆಮೇಲೆ ನಾರ್ವೆ ನಾಲ್ಕು ಹೊಡೆಯಿತು. 84ನೇ ನಿಮಿಷಕ್ಕೆ ಹ್ಲಿನ್ ಒಂದು ಹೊಡೆದಳು. ಹೆಚ್ಚುವರಿ ಸಮಯದಲ್ಲಿ ಪೆನಾಲ್ಟಿ ಸಿಕ್ಕಿತು. ಗ್ಲೋದಿಸ್ ಬಂದು ಚೆಂಡು ಇಟ್ಟಳು, ಹೊಡೆದಳು. 4-3. ಅಂಕಪಟ್ಟಿಯಲ್ಲಿ ಸೊನ್ನೆ. ಪಂದ್ಯ ಮುಗಿದ ಮೇಲೆ ನೀಲಿ ಜೆರ್ಸಿಯ ಹುಡುಗಿಯರೆಲ್ಲ ತಮ್ಮವರು ಕೂತಿದ್ದ ಕಡೆಗೆ ನಡೆದರು.